ಬ್ರೆಜಿಲ್‌ನಲ್ಲಿ ಉಗ್ಗದ ವೀರೇಶ

ಸಾವೊ ಪಾಲೊ: ಕೊಟ್ಟಿದ್ದೇ ಕೊಟ್ಟಿದ್ದು

ಬ್ರೆಜಿಲ್ ನೆಲಕ್ಕೆ ಕಾಲಿಟ್ಟ ಎರಡು ಗಂಟೆಯೊಳಗೆ ನಾನು ನನ್ನ ಪಾಸ್‌ಪೋರ್ಟು, ನೀರಿನ ಬಾಟಲಿ, ಅರ್ಧ ತಿಂದ ಚಕ್ಕುಲಿ ಪೊಟ್ಟಣ ಮತ್ತು ಹೆಗಲ ಮೇಲಿನ ಟವೆಲ್ಲನ್ನು ನಾಲ್ಕು ಜನ ಅಪರಿಚಿತರ ಕೈಗೆ ಕೊಟ್ಟಿದ್ದೆ. ಯಾರೂ ಕಿತ್ತುಕೊಂಡದ್ದಲ್ಲ. ನನ್ನ ಮುಖ ನೋಡಿ ‘ತಾ’ ಅಂದರು, ಕೊಟ್ಟೆ. ಜಗಳೂರು ತಾಲ್ಲೂಕಿನ ಬಿಳಿಚೋಡಿನಲ್ಲಿ ಹುಟ್ಟಿದವನಿಗೆ ಯಾರಾದರೂ ‘ತಾ’ ಅಂದರೆ ಕೈ ತಾನಾಗಿಯೇ ಮುಂದಕ್ಕೆ ಹೋಗುತ್ತದೆ. ನಮ್ಮಜ್ಜಿ ಎರಡನೇ ಸಲ ‘ತಾ’ ಅಂದದ್ದನ್ನು ಕೇಳಿ ಕೆನ್ನೆ ಉಳಿಸಿಕೊಂಡವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಬಸ್ ನಿಲ್ದಾಣದಲ್ಲಿ ಚಕ್ಕುಲಿ ಪಡೆದ ಹೆಂಗಸು ಪೊಟ್ಟಣವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಒಂದು ಮುರಿದು ಬಾಯಿಗೆ ಹಾಕಿಕೊಂಡು, ಕಣ್ಣರಳಿಸಿ, ಹೆಬ್ಬೆರಳು ಎತ್ತಿ, ಮತ್ತೆ ‘ತಾ, ತಾ’ ಅಂದಳು. ಇನ್ನೇನಿದೆ ಕೊಡಲು ಎಂದು ಜೇಬು ತಡಕುತ್ತಿದ್ದಾಗ ವೀರೇಶ ಬಂದ. ನನ್ನನ್ನು ಎದುರುಗೊಳ್ಳಲು ಬಂದವನು ದೂರದಲ್ಲೇ ನಿಂತು ಅಷ್ಟೂ ಹೊತ್ತು ನೋಡಿ ನಗುತ್ತಿದ್ದನಂತೆ.

“ಅದು ‘ಕೊಡು’ ಅಂತಲ್ಲ ಕಣಲೇ. ‘ಆಯ್ತು’ ಅಂತ. ‘ಸರಿ’ ಅಂತ.”

“ಹಂಗಾದ್ರೆ ಈಯಮ್ಮ ಏನಂತಾಳೆ?”

“ಆಯ್ತು, ಸಾಕು, ನಿನ್ನ ತಿಂಡಿ ನೀನೇ ಇಟ್ಕೋ ಅಂತಾಳೆ.”

ಚಕ್ಕುಲಿ ವಾಪಸ್ಸು ಬಂತು. ಪಾಸ್‌ಪೋರ್ಟನ್ನು ಟಿಕೆಟ್ ಕಿಟಕಿಯ ಹುಡುಗಿ ಮೊದಲೇ ನನ್ನ ಹಿಂದೆ ಓಡಿಬಂದು ಕೊಟ್ಟಿದ್ದಳು. ಬಾಟಲಿ, ಟವೆಲ್ ಮಾತ್ರ ಆ ದೇಶದ ಪಾಲಾದವು.

ಈಗ ವೀರೇಶನ ವಿಷಯ. ಅವನು ನ್ಯಾಮತಿ ತಾಲ್ಲೂಕಿನ ಗೋವಿನಕೋವಿಯವನು. ಚನ್ನಗಿರಿಯಲ್ಲಿ ಡಿಪ್ಲೊಮಾ ಓದುವಾಗ ಇಬ್ಬರದೂ ಒಂದೇ ರೂಮು. ಅವನು ಕೃಷಿಯಂತ್ರಗಳ ಕಂಪನಿ ಸೇರಿದ. ನಾನು ಆಟೊಗೆ ಮೈಕು ಕಟ್ಟಿಕೊಂಡು ಸೀರೆ ಮಾರಾಟದಿಂದ ಹಿಡಿದು ಕಳೆದುಹೋದ ಮೇಕೆಯವರೆಗೆ ಊರೂರಿಗೆ ಸಾರುವ ಕೆಲಸ ಹಿಡಿದೆ. ಜೊತೆಗೆ ಮದುವೆ ಮನೆಗಳಲ್ಲಿ ಮಿಮಿಕ್ರಿ. ಬಸ್ ಕಂಡಕ್ಟರ್, ಬೀಗರು, ಪುರೋಹಿತರು, ಅಡುಗೆ ಭಟ್ಟರು, ಯಾರನ್ನೂ ಬಿಟ್ಟವನಲ್ಲ. ಕನ್ನಡಿಯ ಮುಂದೆ ನಿಂತರೆ ನನ್ನನ್ನೇ ಅಣಕಿಸಿ ಕಳಿಸುತ್ತೇನೆ.

ವೀರೇಶನಿಗೆ ಉಗ್ಗು. ತುಟಿ ಕೂಡುವ ಅಕ್ಷರಗಳೆಲ್ಲ ಅವನಿಗೆ ಮುಚ್ಚಿದ ಬಾಗಿಲು. ಪ, ಬ, ಮ ಬಂದರೆ ತುಟಿ ಬಿಗಿದು, ಕಣ್ಣು ಮುಚ್ಚಿ, ಬಲಗೈ ಹೆಬ್ಬೆರಳನ್ನು ಮುಷ್ಟಿಯೊಳಗೆ ಅದುಮುತ್ತಾನೆ. ನನ್ನ ಹೆಸರು ತಿಪ್ಪೇಶ. ಅವನು ‘ತಿ’ ಎಂದು ಹೊರಟರೆ ನಡುವೆಯೇ ಗೇಟು ಬೀಳುತ್ತದೆ. ಅದಕ್ಕೇ ‘ಲೇ’ ಅನ್ನುತ್ತಾನೆ. ಹಾಸ್ಟೆಲಿನಲ್ಲಿ ಅವನ ಉಗ್ಗನ್ನು ಹೆಬ್ಬೆರಳಿನ ಸಮೇತ ಅಣಕಿಸಿ ನಾನು ದೊಡ್ಡ ಹೆಸರು ಮಾಡಿದ್ದೆ. ಅವನ ಮಾತನ್ನು ನಾನೇ ಮುಗಿಸಿ ಕೊಡುವುದೂ ಆಗಲೇ ರೂಢಿಯಾಯಿತು. ಅದನ್ನು ಉಪಕಾರ ಎಂದುಕೊಂಡಿದ್ದೆ.

ಕಂಪನಿ ಅವನಿಗೆ ಆರು ತಿಂಗಳು ಪೋರ್ಚುಗೀಸ್ ಕಲಿಸಿ, ಉಳದೆ ಮೆಕ್ಕೆಜೋಳ ಬಿತ್ತುವ ಯಂತ್ರದ ತರಬೇತಿಗೆ ಬ್ರೆಜಿಲ್‌ಗೆ ಕಳಿಸಿತ್ತು. ತರಬೇತಿ ಮುಗಿದ ಮೇಲೆ ರಜೆ ಸಿಕ್ಕಿತು. ‘ಒಬ್ಬನೇ ಸುತ್ತಾಕೆ ಬೇಜಾರು, ಬಾ’ ಎಂದು ಬರೆದ. ಉಳಿಸಿದ್ದನ್ನೆಲ್ಲ ಬಳಿದು, ಬೆನ್ನಿಗೊಂದು ಚೀಲ ಹಾಕಿಕೊಂಡು ಹೋದೆ. ಅವನ ಬೆನ್ನಿಗೆ ಚೀಲದ ಜೊತೆ ಇನ್ನೊಂದು ಭಾರವೂ ಇತ್ತು. ಚನ್ನಗಿರಿಯಲ್ಲಿ ಕೂರುವ ಅವನ ಸಾಹೇಬರು ಪಾಲಾಕ್ಷಪ್ಪ, ಮದುವೆಯೊಂದರಲ್ಲಿ ನನ್ನ ಮಿಮಿಕ್ರಿ ಕೇಳಿದವರು, ಅವನಿಗೆ ಒಂದು ಹೊಸ ಕೆಲಸ ಕೊಡುವೆನೆಂದಿದ್ದರು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಾಲ್ಕೂ ತಾಲ್ಲೂಕಿನ ಹೊಲಗಳಲ್ಲಿ ಯಂತ್ರ ನಿಲ್ಲಿಸಿ, ರೈತರನ್ನು ಕೂಡಿಸಿ, ವಿವರಿಸಿ ಹೇಳುವ ಕೆಲಸ. ಒಪ್ಪಿಗೆಯೋ ಇಲ್ಲವೋ, ಈ ತಿಂಗಳ ಕೊನೆಯ ಶುಕ್ರವಾರದೊಳಗೆ ತಿಳಿಸಬೇಕು. ವೀರೇಶ ಆ ಯಂತ್ರವನ್ನು ಬಿಚ್ಚಿ ಕಣ್ಣು ಮುಚ್ಚಿ ಜೋಡಿಸಬಲ್ಲ. ಅದರ ಬಗ್ಗೆ ಮಾತಾಡುವುದು ಬೇರೆ ವಿಷಯ. ಮಷೀನು, ಮೆಕ್ಕೆಜೋಳ, ಬೀಜ, ಬಿತ್ತನೆ, ಮಣ್ಣು, ಮಳೆ, ಪಾಲಾಕ್ಷಪ್ಪ. ಹುಡುಕಿ ಹುಡುಕಿ ತುಟಿ ಕೂಡುವ ಪದಗಳನ್ನೇ ಅವನ ಕೆಲಸಕ್ಕೆ ಜೋಡಿಸಿದಂತಿತ್ತು.

“ಏನಂತ ಬರೀತೀಯ ಅವರಿಗೆ?”

“ಒಲ್ಲೆ ಅಂತ,” ಅಂದ. ‘ಬೇಡ’ದಲ್ಲಿ ಬ ಇತ್ತು.

ಮಧ್ಯಾಹ್ನ ಒಂದು ಊಟದ ಮನೆಗೆ ಹೋದೆವು. ಅಲ್ಲಿ ತಟ್ಟೆಗೆ ಬೇಕಾದ್ದು ಬಡಿಸಿಕೊಂಡು ತಕ್ಕಡಿಯ ಮೇಲಿಡಬೇಕು. ಅನ್ನ, ಹುರುಳಿಯಂಥ ಕಾಳಿನ ಸಾರು, ಬಾಳೆಹಣ್ಣಿನ ಕರಿದ ತುಂಡು, ಎಲ್ಲಕ್ಕೂ ತೂಕದ ಮೇಲೆ ಒಂದೇ ದರ. ಚನ್ನಗಿರಿ ಮಂಡಿಯಲ್ಲಿ ತೂಕದ ಮುಂದೆ ನಿಂತವರ ಮುಖದಲ್ಲಿ ಕಾಣುವ ಅನುಮಾನವೇ ನನ್ನ ಮುಖದಲ್ಲೂ ಕಂಡಿರಬೇಕು. ಬಡಿಸುವವಳು ನಕ್ಕಳು. ಅನ್ನದ ಪಾತ್ರೆ ಕಾಣದೆ ನಾನು ‘ಅಕ್ಕಿ, ಅಕ್ಕಿ’ ಎಂದು ಸನ್ನೆ ಮಾಡಿದರೆ, ಅವಳು ಅಲ್ಲೇ ಎದುರಿಗಿದ್ದ ಪಾತ್ರೆ ತೋರಿಸಿ ‘ಅಕಿ, ಅಕಿ’ ಅಂದಳು. ಇಷ್ಟು ದೂರ ಬಂದರೂ ಅಕ್ಕಿಗೆ ಅಕ್ಕಿಯೇ ಅನ್ನುತ್ತಾರಲ್ಲ ಎಂದು ರೋಮಾಂಚನಗೊಂಡೆ. ಅವರ ಭಾಷೆಯಲ್ಲಿ ಹಾಗೆಂದರೆ ‘ಇಲ್ಲೇ ಇದೆ, ಕುರುಡ’ ಅಂತ. ‘ಕುರುಡ’ ವೀರೇಶ ಸೇರಿಸಿದ್ದು.

ಪಕ್ಕದ ಮೇಜಿನ ಮುದುಕರು ಅವನ ಕೆಲಸವೇನೆಂದು ಕೇಳಿದರು. ಅವರದೂ ಹೊಲವಿತ್ತಂತೆ. ವೀರೇಶ ಹೇಳತೊಡಗಿದ. ನಾನು ಅಭ್ಯಾಸಬಲದಿಂದ, ಅವನು ನಿಂತಲ್ಲಿ ಮುಂದುವರಿಸಲು ಬಾಯಿ ಸಿದ್ಧ ಮಾಡಿಕೊಂಡೆ, ಭಾಷೆ ಬಾರದಿದ್ದರೂ. ಅವನು ನಿಲ್ಲಲೇ ಇಲ್ಲ. ‘ಮಾಕಿನಾ’ ಅಂದ, ಅದು ಯಂತ್ರ. ‘ಮಿಲ್ಯು’ ಅಂದ, ಅದು ಮೆಕ್ಕೆಜೋಳ. ಎರಡೂ ಮಕಾರ. ಪಕಾರ, ಬಕಾರಗಳು ಸಾಲುಸಾಲಾಗಿ ಬಂದವು. ತುಟಿಗಳು ಕೂಡಿದವು, ಬಿಟ್ಟವು. ಹೆಬ್ಬೆರಳು ಮೇಜಿನ ಮೇಲೆ ಸುಮ್ಮನೆ ಮಲಗಿತ್ತು. ಎಂಟು ವರ್ಷದಿಂದ ನೋಡಿದ ಮನುಷ್ಯ ಎದುರಿಗೇ ಕೂತು ಬೇರೆ ಯಾರೋ ಆಗಿಬಿಟ್ಟಿದ್ದ. ನನ್ನ ಕಾಳಿನ ಸಾರು ಆರಿತು.

ರಿಯೊ: ಸೂರ್ಯನಿಗೆ ಚಪ್ಪಾಳೆ

ರಿಯೊದ ಕಡಲ ದಂಡೆಯಲ್ಲಿ ಜನ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾರೆ. ನಾನು ಪ್ಯಾಂಟು ಮಡಚಿ ಮೊಣಕಾಲು ತೋರಿಸಿದ್ದಕ್ಕೇ ನಾಚಿ ಕೂತಿದ್ದೆ. ಪಕ್ಕದಲ್ಲಿದ್ದ ಪೂರ್ತಿ ಅಪರಿಚಿತ ಕುಟುಂಬ ತಮ್ಮ ಫೋನು, ಚಾವಿ, ಕೂಸಿನ ಹಾಲಿನ ಬಾಟಲಿ ಎಲ್ಲವನ್ನೂ ನನ್ನ ಮುಂದಿಟ್ಟು, ‘ನೋಡಿಕೊಳ್ಳಿ, ತಾ?’ ಎಂದು ನೀರಿಗಿಳಿಯಿತು. ಚಾವಿಗೆ ಅಲ್ಲಿಯೂ ‘ಶಾವಿ’. ಮೇಜಿಗೆ ‘ಮೇಜ’. ನಮ್ಮಜ್ಜಿ ಪೋರ್ಚುಗೀಸ್ ಮಾತಾಡುತ್ತಿದ್ದಳೆಂದು ಬಿಳಿಚೋಡಿನಲ್ಲಿ ಯಾರಿಗೂ ಗೊತ್ತಿಲ್ಲ.

ಅಲ್ಲಿ ಚಹಾ ಮಾರುವವರದು ನೋಡುವಂಥ ಕೆಲಸ. ಎರಡು ಹೆಗಲಿಗೂ ಉಕ್ಕಿನ ಡ್ರಮ್ಮು ತೂಗುಹಾಕಿಕೊಂಡು, ಒಂದರಲ್ಲಿ ತಣ್ಣನೆಯ ಚಹಾ, ಇನ್ನೊಂದರಲ್ಲಿ ನಿಂಬೆ ಪಾನಕ, ಸುಡುವ ಮರಳಲ್ಲಿ ಕೂಗುತ್ತಾ ಹೋಗುತ್ತಾರೆ. ಕೂಗಿನ ಕೊನೆಯನ್ನು ಮೂಗಿನಲ್ಲಿ ಎಳೆದು, ಪಟ್ಟನೆ ಬಿಡುತ್ತಾರೆ. ಮೂರು ಸಲ ಕೇಳಿದೆ, ನಾಲ್ಕನೇ ಸಲ ನಾನೇ ಕೂಗಿದೆ. ಐದಾರು ಕೈಗಳು ಮೇಲೆದ್ದವು. ಒಬ್ಬ ಅಜ್ಜಿ ಚಿಲ್ಲರೆ ಹಿಡಿದುಕೊಂಡು ನನ್ನತ್ತಲೇ ಬಂದಳು.

ನಿಜವಾದ ಚಹಾದವನು ಹಿಂದೆಯೇ ಬಂದು ನಿಂತ. ನಮ್ಮ ಬಸ್‌ಸ್ಟ್ಯಾಂಡಿನ ಶೇಂಗಾದವನಾಗಿದ್ದರೆ ನನ್ನ ವಂಶದ ಬಗ್ಗೆ ಎರಡು ಮಾತಾಡುತ್ತಿದ್ದ. ಇವನು ಒಂದು ಮಾತೂ ಆಡದೆ ಎರಡೂ ಡ್ರಮ್ಮುಗಳನ್ನು ನನ್ನ ಹೆಗಲಿಗೆ ಹಾಕಿ, ನನ್ನ ಜಾಗದಲ್ಲಿ ಕಾಲು ಚಾಚಿ ಕೂತು, ಅಪರಿಚಿತ ಕುಟುಂಬದ ಚಾವಿ ಕಾಯತೊಡಗಿದ. ನಾನು ಹತ್ತು ಹೆಜ್ಜೆ ಹೋದೆ. ಮರಳು ದೋಸೆಕಲ್ಲಿನಂತಿತ್ತು. ಹನ್ನೊಂದನೇ ಹೆಜ್ಜೆಗೆ ಕೂಗು ಮೂಗಿನಿಂದಲ್ಲ, ಅಂಗಾಲಿನಿಂದ ಬಂತು. ವಾಪಸ್ಸು ಬಂದು ಡ್ರಮ್ಮು ಇಳಿಸಿದಾಗ ಅವನು ವೀರೇಶನಿಗೆ ಏನೋ ಹೇಳಿ ಎದ್ದ.

“ಏನಂದ?”

“ಕೂಗು ಚೆನ್ನಾಗೈತೆ, ಕಾಲು ಸಾಲದು ಅಂದ.”

ಸಂಜೆ ಕಡಲಿಗೆ ಚಾಚಿದ ಬಂಡೆಯೊಂದರ ಮೇಲೆ ಜನ ಸೇರಿದರು. ಸೂರ್ಯ ಬೆಟ್ಟದ ಹಿಂದೆ ಇಳಿದ ಕೂಡಲೇ ಎಲ್ಲರೂ ಚಪ್ಪಾಳೆ ತಟ್ಟಿದರು. ನಾಟಕ ಮುಗಿದಾಗ ತಟ್ಟುವಂತೆ, ಮನಸಾರೆ. ಜಗಳೂರಿನಲ್ಲಿ ಈ ಪದ್ಧತಿ ತಂದರೆ ಚಪ್ಪಾಳೆಯ ಅರ್ಥ ಬೇರೆಯಾಗುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಕಡೆ ಸೂರ್ಯ ಮುಳುಗಿದರೆ, ಅಂತೂ ತೊಲಗಿದನಲ್ಲ ಎಂದು ತಟ್ಟಬೇಕು.

ಆ ಬಂಡೆಯ ಮೇಲೆ ಕೂತು ನನ್ನ ಯೋಜನೆ ಹೇಳಿದೆ. ಅವನು ಕೆಲಸ ಒಪ್ಪಲಿ. ಹೊಲದಲ್ಲಿ ಯಂತ್ರದ ಪಕ್ಕ ನಿಂತು ಕೈ ತೋರಿಸಲಿ. ನಾನು ಆಟೊದಲ್ಲಿ ಕೂತು ಮೈಕಿನಲ್ಲಿ ಅವನ ದನಿಯಲ್ಲೇ, ಉಗ್ಗು ತೆಗೆದು, ಮಾತಾಡುತ್ತೇನೆ. ರೈತರಿಗೆ ತಿಳಿಯುವುದೇ ಇಲ್ಲ.

“ನಾನು ಗೊಂ... ಗೊಂಬೆ ಹಂಗೆ ನಿಂತ್ಕೊಂಡಿರ್ಲಾ?”

“ಗೊಂಬೆ ಅಲ್ಲಲೇ, ಇಂಜಿನಿಯರ್.”

“ಆ ಯಂತ್ರದಾಗೆ ಗೇರು ಎಲ್ಲೈತೆ ಗೊತ್ತೇನು ನಿಂಗೆ?”

ಗೊತ್ತಿರಲಿಲ್ಲ. ಅವನು ಎದ್ದು ಪ್ಯಾಂಟಿನ ಮರಳು ಕೊಡವಿದ. ಮಾತು ಅಲ್ಲಿಗೆ ನಿಂತಿತು. ನನ್ನ ತಲೆಯಲ್ಲಿ ಮಾತ್ರ ಆಟೊ ಓಡುತ್ತಲೇ ಇತ್ತು.

ಅಮೆಜಾನ್ ದೋಣಿ: ಜೋಲಿಯ ಐದು ದಿನ

ಉತ್ತರದ ಬೆಲೆಂ ಊರಿಗೆ ಹಾರಿ, ಅಲ್ಲಿಂದ ನದಿಯ ಮೇಲೆ ಮನೌಸ್‌ಗೆ ಹೊರಟೆವು. ಮೂರಂತಸ್ತಿನ ದೋಣಿ. ಸೀಟಿಲ್ಲ, ಹಾಸಿಗೆಯಿಲ್ಲ. ಎಲ್ಲರೂ ತಮ್ಮ ತಮ್ಮ ಜೋಲಿ ತಂದು ತೊಲೆಗೆ ಕಟ್ಟಿಕೊಳ್ಳಬೇಕು. ನೂರಾರು ಜೋಲಿಗಳು ಒಂದಕ್ಕೊಂದು ತಾಗಿ ತೂಗುತ್ತವೆ. ಒಬ್ಬ ಮಗ್ಗುಲಾದರೆ ಸಾಲಿಗೆ ಸಾಲೇ ಮಗ್ಗುಲಾಗುತ್ತದೆ. ನನ್ನ ಎಡಕ್ಕೆ ವೀರೇಶ, ಬಲಕ್ಕೆ ದೋನಾ ಲೂರ್ದೆಸ್ ಎಂಬ ಅರವತ್ತು ದಾಟಿದ ಹೆಂಗಸು. ತಂಗಿಯ ಮನೆಗೆ ಹೊರಟಿದ್ದಳು. ನಾನು ಕಟ್ಟಿದ ಗಂಟನ್ನು ನೋಡಿ, ನಿಟ್ಟುಸಿರು ಬಿಟ್ಟು, ಬಿಚ್ಚಿ ಮತ್ತೆ ಕಟ್ಟಿದಳು. ದನ ಕಟ್ಟುವ ಗಂಟು ಮನುಷ್ಯನ ತೂಕ ತಡೆಯುವುದಿಲ್ಲ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಹೊನ್ನಾಳಿ ಸೇತುವೆಯ ಮೇಲೆ ನಿಂತರೆ ತುಂಗಭದ್ರೆಯ ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿರುವುದು ಯಾರ ಮನೆಯವರೆಂದು ಹೇಳಬಹುದು. ಇಲ್ಲಿ ಆಚೆ ದಡವೇ ಇರಲಿಲ್ಲ. ಕೆಲವು ಕಡೆ ಈಚೆ ದಡದ ಮೇಲೂ ಅನುಮಾನ. ಕೆಂಪು ಚಹಾದ ಬಣ್ಣದ ನೀರು, ಅದರಲ್ಲಿ ಮರದ ದಿಮ್ಮಿಗಳು, ಒಮ್ಮೊಮ್ಮೆ ಗುಲಾಬಿ ಬೆನ್ನಿನ ಡಾಲ್ಫಿನ್. ಮೀನಿನ ಜೊತೆ ನೇರಳೆ ಬಣ್ಣದ ಗಟ್ಟಿ ಅಂಬಲಿ ಕೊಡುತ್ತಾರೆ. ಯಾವುದೋ ತಾಳೆ ಜಾತಿಯ ಹಣ್ಣಿನದು. ಮೊದಲ ತುತ್ತಿಗೆ ಮಣ್ಣು, ಎರಡನೆಯದಕ್ಕೆ ಮಳೆ ಬಿದ್ದ ಮಣ್ಣು, ಮೂರನೆಯದಕ್ಕೆ ಇನ್ನಷ್ಟು ಹಾಕಿ ಅನ್ನಿಸುತ್ತದೆ. ಎಲ್ಲದರ ಮೇಲೂ ಹುರಿದ ಮರಗೆಣಸಿನ ಹಿಟ್ಟು ಉದುರಿಸುತ್ತಾರೆ, ನಾವು ಶೇಂಗಾ ಪುಡಿ ಉದುರಿಸುವ ಹಾಗೆ.

ಆ ಜನಕ್ಕೆ ದಿನಕ್ಕೆ ಮೂರು ಸ್ನಾನ ಬೇಕು. ನಾನು ಒಂದು ಮಾಡಿದೆ. ಎರಡನೇ ದಿನ ದೋನಾ ಲೂರ್ದೆಸ್ ವೀರೇಶನನ್ನು ಕರೆದು, ನನಗೇನಾದರೂ ಚರ್ಮದ ಕಾಯಿಲೆಯಿದೆಯೇ ಎಂದು ಕಾಳಜಿಯಿಂದ ವಿಚಾರಿಸಿದಳು. “ಇವನು ಜಗಳೂರು ಕಡೆಯವನು, ನೀರು ಕಂಡ್ರೆ ಕುಡೀತಾರೆ, ಮೈಮೇಲೆ ಸುರ್ಕೊಳ್ಳಲ್ಲ” ಎಂದು ಇವನು ವಿವರಿಸಿದನಂತೆ. ಅವಳು ನನ್ನ ತಲೆ ಸವರಿ ಒಂದು ಸಾಬೂನು ಕೊಟ್ಟಳು.

ವೀರೇಶ ಅಲ್ಲಿ ಎಲ್ಲರೊಡನೆ ಹರಟುತ್ತಿದ್ದ. ಜೋಕು ಹೇಳುತ್ತಿದ್ದ. ಕನ್ನಡಕ್ಕೆ ತಿರುಗಿದರೆ ಮಾತ್ರ ಹೆಬ್ಬೆರಳು ಮುಷ್ಟಿಯೊಳಗೆ.

ಮೂರನೇ ದಿನ ಬೆಳಿಗ್ಗೆ ದೋಣಿ ಒಂದು ಊರಿನ ಹತ್ತಿರ ನಿಂತಿತ್ತು, ಸಿಗ್ನಲ್ ಬಂದಿತ್ತು. ವೀರೇಶ ಸ್ನಾನದ ಸಾಲಿಗೆ ಹೋಗಿದ್ದ. ಜೋಲಿಯಲ್ಲಿದ್ದ ಅವನ ಫೋನು ಬಡಿದುಕೊಂಡಿತು. ಪಾಲಾಕ್ಷಪ್ಪನವರು.

ಎತ್ತಬಾರದಿತ್ತು. ಎತ್ತಿದೆ.

“ಏನ್ರಿ ವೀರೇಶ್, ಏನ್ ಮಾಡಿದ್ರಿ? ಶುಕ್ರವಾರ ಬಂತು.”

ನನ್ನ ತುಟಿ ತಾನೇ ಬಿಗಿಯಿತು. ಕಣ್ಣು ಮುಚ್ಚಿತು. ಹೆಬ್ಬೆರಳು ಮುಷ್ಟಿಯೊಳಗೆ ಹೋಯಿತು. “ಪ್... ಪಾಲಾಕ್ಷಪ್ಪ ಸರ್, ಇನ್ನು ಹತ್ತು ದಿನ ಟೈಮು ಕೊಡ್ರಿ. ಮ್... ಮನಸ್ಸು ಮಾಡಾಕೆ ಆಗ್ತಿಲ್ಲ.” ಅಷ್ಟು ಚೆನ್ನಾಗಿ ನಾನು ಯಾವತ್ತೂ ಮಾಡಿರಲಿಲ್ಲ. ಸಾಹೇಬರು “ಆಯ್ತು ಬಿಡ್ರಿ” ಅಂದು ಇಟ್ಟರು. ಹತ್ತು ದಿನದಲ್ಲಿ ಅವನನ್ನು ನನ್ನ ಮೈಕಿನ ಯೋಜನೆಗೆ ಒಪ್ಪಿಸಬಹುದೆಂದು ಲೆಕ್ಕ ಹಾಕಿದ್ದೆ. ಸುತ್ತಲಿನ ಜೋಲಿಗಳಲ್ಲಿ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. ಕನ್ನಡ ಬಾರದಿದ್ದರೇನು, ನನ್ನ ಮುಖ ಸಾಕಾಗಿತ್ತು. ದೋನಾ ಲೂರ್ದೆಸ್ ಕಣ್ಣೊರೆಸಿಕೊಳ್ಳುತ್ತಾ ಇನ್ನೊಮ್ಮೆ ಮಾಡೆಂದು ಸನ್ನೆ ಮಾಡಿದಳು. ಮಾಡಿದೆ.

ಹಿಂದೆ ವೀರೇಶ ನಿಂತಿದ್ದ. ಸಾಲು ಬೇಗ ಕರಗಿತ್ತೋ ಏನೋ, ಒದ್ದೆ ತಲೆ, ಹೆಗಲ ಮೇಲೆ ಟವೆಲ್.

ಆ ದೋಣಿಯಲ್ಲಿ ಯಾರೂ ಅವನು ತಮ್ಮ ಭಾಷೆಯಲ್ಲಿ ಉಗ್ಗಿದ್ದನ್ನು ಕೇಳಿರಲಿಲ್ಲ. ಯಾರನ್ನು ನೋಡಿ ನಗುತ್ತಿದ್ದೇವೆಂದು ನಗುವವರಿಗೆ ಗೊತ್ತಿರಲಿಲ್ಲ. ಅವನಿಗೆ ಗೊತ್ತಿತ್ತು.

ಅವನು ಫೋನು ತೆಗೆದುಕೊಂಡು, ಬಂದ ಕರೆಯನ್ನು ನೋಡಿದ. ನಿಧಾನವಾಗಿ ಏನೋ ಬರೆದು ಕಳಿಸಿದ. ಆಮೇಲೆ ನನ್ನತ್ತ ತಿರುಗಿ ‘ಬೊಂ ಜಿಯಾ’ ಅಂದ. ಶುಭೋದಯ. ಅಲ್ಲಿಂದ ಮುಂದೆ ನನ್ನೊಡನೆ ಪೋರ್ಚುಗೀಸ್ ಬಿಟ್ಟು ಬೇರೆ ಮಾತಿಲ್ಲ.

ಊಟಕ್ಕೆ ಕರೆದರೆ ಪೋರ್ಚುಗೀಸ್. ಕ್ಷಮೆ ಕೇಳಿದರೆ ಪೋರ್ಚುಗೀಸ್. “ಲೇ, ಬೈಯಾದ್ರೂ ಬೈಯೋ, ಕನ್ನಡದಾಗೆ ಬೈಯಿ” ಅಂದೆ. ಒಂದು ಉದ್ದನೆಯ ಪೋರ್ಚುಗೀಸ್ ವಾಕ್ಯ ಬಂತು. ದೋನಾ ಲೂರ್ದೆಸ್ ಕೇಳಿ ಹುಬ್ಬೇರಿಸಿ, ನನ್ನ ಜೋಲಿಯನ್ನು ಒಂದು ಗೇಣು ಆಚೆ ಸರಿಸಿದಳು. ಮಾತನ್ನೇ ಉಂಡು ಬೆಳೆದವನು ನಾನು. ಎರಡು ದಿನ ನನ್ನೊಡನೆ ಮಾತಾಡಲು ಆ ನದಿಯಲ್ಲಿ ನಾನೊಬ್ಬನೇ ಇದ್ದೆ, ನಾನು ಅಷ್ಟೇನೂ ಒಳ್ಳೆಯ ಕಂಪನಿ ಅಲ್ಲ.

ಕಾಡು: ಹಕ್ಕಿ ಕೆಳಗಿಳಿಯಿತು

ಮನೌಸ್‌ನಿಂದ ಸಣ್ಣ ದೋಣಿಯಲ್ಲಿ ಕಾಡಿನೊಳಗೆ ಹೋದೆವು. ನಮ್ಮನ್ನು ಕರೆದೊಯ್ದವನು ಸೆಬಾಸ್ತಿಯಾನ್, ಐವತ್ತರ ಸಣಕಲು ಮನುಷ್ಯ, ಕಾಲಿಗೆ ರಬ್ಬರ್ ಬೂಟು, ಬಾಯಲ್ಲಿ ಸದಾ ಒಂದು ಕಡ್ಡಿ. ಕಾಡೆಂದರೆ ಪ್ರಾಣಿ ಕಾಣಿಸುತ್ತವೆ ಎಂದುಕೊಂಡಿದ್ದೆ. ಕಾಣುವುದು ಎಲೆ. ಉಳಿದದ್ದೆಲ್ಲ ಸದ್ದು. ಟಿನ್ನು ಗೀರಿದಂತೆ ಒಂದು, ನೀರು ಸೋರಿದಂತೆ ಒಂದು, ನಮ್ಮ ಕಡೆಯ ಹಳೇ ಬಸ್ಸು ಏರು ಹತ್ತುವಂತೆ ಒಂದು. ಅದು ಕೋತಿಯ ಕೂಗಂತೆ.

ಇವುಗಳ ನಡುವೆ ಮೂರು ಸ್ವರದ ಒಂದು ಶಿಳ್ಳೆ. ಮೊದಲೆರಡು ತಗ್ಗಿ, ಮೂರನೆಯದು ಚಾಟಿಯಂತೆ. ನನಗೆ ಮೂರು ದಿನದಿಂದ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾನು ಅದನ್ನೇ ತಿರುಗಿಸಿ ಹಾಕಿದೆ. ಕಾಡು ಸುಮ್ಮನಾಯಿತು. ಮತ್ತೆ ಹಾಕಿದೆ. ಮೇಲಿನಿಂದ ಉತ್ತರ ಬಂತು, ಹತ್ತಿರದಿಂದ. ಆಮೇಲೆ ಇನ್ನೂ ಹತ್ತಿರದಿಂದ. ಬೂದು ಬಣ್ಣದ, ನಮ್ಮ ಗೊರವಂಕದಷ್ಟು ದೊಡ್ಡ ಹಕ್ಕಿಯೊಂದು ಕೊಂಬೆಯಿಂದ ಕೊಂಬೆಗೆ ಇಳಿದು ನಮ್ಮ ಕೈಗೆ ಎಟಕುವಷ್ಟು ಕೆಳಗೆ ಬಂದು ಕೂತಿತು. ಎದೆ ಉಬ್ಬಿಸಿ, ಕುತ್ತಿಗೆ ಅತ್ತಿತ್ತ ತಿರುಗಿಸಿ, ಕೂಗಿತು. ಹೆಮ್ಮೆಯಿಂದ ಸೆಬಾಸ್ತಿಯಾನ್ ಮುಖ ನೋಡಿದೆ.

ಅವನು ಬಾಯಿಂದ ಕಡ್ಡಿ ತೆಗೆದ. ಮೆಲ್ಲಗೆ, ಬಹಳ ಹೊತ್ತು ಹೇಳಿದ. ನನಗೆ ‘ತಾ?’ ಒಂದು ಬಿಟ್ಟು ಏನೂ ತಿಳಿಯಲಿಲ್ಲ. ವೀರೇಶನತ್ತ ತಿರುಗಿದೆ. ಅವನು ಹಕ್ಕಿಯನ್ನೇ ನೋಡುತ್ತಿದ್ದ. ಕನ್ನಡದಲ್ಲಿ ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದನೆಂದು ಕಾಣುತ್ತದೆ.

“ಅದು ಖುಷಿಗೆ ಇಳಿದಿಲ್ಲ ಅಂತಾನೆ,” ಅಂದ ಕೊನೆಗೆ. “ಈ ಟೊಂಗೆ ಅದರದು. ತನ್ನ ದನೀಲೇ ಇನ್ನೊಂದು ಕೂಗಿದ್ರೆ, ತನ್ನ ಜಾಗ ಹೋಯ್ತು ಅಂತ ಹೊಡೆದಾಡಾಕೆ ಬ್... ಬ್...”

ನನ್ನ ನಾಲಗೆಯ ತುದಿಯಲ್ಲಿ ‘ಬರುತ್ತೆ’ ಇತ್ತು. ಎಂಟು ವರ್ಷದ ಅಭ್ಯಾಸ. ಹಲ್ಲು ಕಚ್ಚಿದೆ.

“ಬರುತ್ತೆ. ಅಷ್ಟೊತ್ತು ತಿನ್ನಾಕೂ ಹೋಗಲ್ಲ, ಜೋಡೀನೂ ಕರೆಯಲ್ಲ. ಆಟಕ್ಕೆ ಅದನ್ನ ಕರೆಯೋದು ಸರಿಯಲ್ಲ ಅಂತಾನೆ.”

ಹಕ್ಕಿ ಇನ್ನೂ ಹುಡುಕುತ್ತಿತ್ತು. ನಾವು ಮೂವರೂ ಉಸಿರು ಹಿಡಿದು ಅದು ಮೇಲೆ ಹೋಗುವವರೆಗೆ ನಿಂತೆವು. ಸೊಳ್ಳೆಗಳು ಸಂದರ್ಭವನ್ನು ಚೆನ್ನಾಗಿ ಬಳಸಿಕೊಂಡವು.

ಮಧ್ಯಾಹ್ನ ಗುಡಿಸಲಿನಲ್ಲಿ ಮಳೆ ಬಿಡಲು ಕಾಯುತ್ತಿದ್ದಾಗ, ಕೇಳಬೇಕಾದ್ದನ್ನು ಕೇಳಿದೆ. “ಪೋರ್ಚುಗೀಸ್‌ನಾಗೆ ಹೆಂಗೆ ಉಗ್ಗಲ್ಲ ನೀನು?”

ಅವನು ಬೂಟಿನ ಕೆಸರು ಕೆರೆಯತೊಡಗಿದ. “ಗೊತ್ತಿಲ್ಲ. ಅದರಾಗೆ ನನ್ನನ್ನ ಯಾರೂ ಆಡಿಕೊಂಡಿರಲಿಲ್ಲ.” ಆಮೇಲೆ ಸೇರಿಸಿದ. “ದೋಣಿ ತನಕ.”

ನಾನೂ ಒಂದು ಕಡ್ಡಿ ಎತ್ತಿಕೊಂಡು ನನ್ನ ಕಾಲಿನ ಕೆಸರು ಕೆರೆಯತೊಡಗಿದೆ.

“ಸಾಹೇಬ್ರಿಗೆ ಏನು ಬರೆದೆ ಅವತ್ತು?”

“ಉತ್ತರ ಕೊಟ್ಟಿದ್ದು ನಾನಲ್ಲ, ನೀನು ಅಂತ. ಶುಕ್ರವಾರನೇ ಹೇಳ್ತೀನಿ ಅಂತ.”

“ಏನು ಹೇಳ್ತೀಯ?”

ಅದಕ್ಕೆ ಅವನು ಪೋರ್ಚುಗೀಸ್‌ನಲ್ಲಿ ಉತ್ತರಿಸಿದ. ಸೆಬಾಸ್ತಿಯಾನ್ ತಲೆಯಾಡಿಸಿದ. ನನಗೆ ಯಾರೂ ಅನುವಾದಿಸಲಿಲ್ಲ.

ಮನೌಸ್: ಶುಕ್ರವಾರ

ಕಾಡಿನ ನಟ್ಟನಡುವೆ ಹಠಕ್ಕೆ ಬಿದ್ದು ಕಟ್ಟಿದಂಥ ಊರು ಮನೌಸ್. ಒಂದು ಬೀದಿ ಹಿಂದೆ ಟ್ರಾಫಿಕ್ಕು, ಒಂದು ಬೀದಿ ಮುಂದೆ ಸಮುದ್ರದಂಥ ನದಿ. ಬಂದರಿನ ಪಕ್ಕದ ಮಾರುಕಟ್ಟೆಯಲ್ಲಿ ಒಬ್ಬ ಮನುಷ್ಯನಷ್ಟು ಉದ್ದದ ಮೀನನ್ನು ಇಬ್ಬರು ಹೊತ್ತು ತರುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ನಾನು ಬೆಳಗ್ಗೆಯೇ ಎರಡು ಸ್ನಾನ ಮುಗಿಸಿದ್ದೆ. ಸುಧಾರಿಸುತ್ತಿದ್ದೆ.

ಅಲ್ಲಿ ಬೆಳಿಗ್ಗೆ ಏಳಾದರೆ ಚನ್ನಗಿರಿಯಲ್ಲಿ ಸಂಜೆ ನಾಲ್ಕೂವರೆ. ಕಾಫಿ ಅಂಗಡಿಯ ಹೊರಗಿನ ಬೆಂಚಿನಲ್ಲಿ ಕೂತು ವೀರೇಶ ಫೋನು ತೆಗೆದ. ಬರೆದು ಕಳಿಸುತ್ತಾನೆ ಎಂದುಕೊಂಡಿದ್ದೆ. ಕಿವಿಗೆ ಹಿಡಿಯಲಿಲ್ಲ, ಸ್ಪೀಕರ್ ಹಾಕಿ ನಮ್ಮಿಬ್ಬರ ನಡುವೆ ಇಟ್ಟ.

“ಹಲೋ,” ಪಾಲಾಕ್ಷಪ್ಪನವರು.

“ಸರ್, ನಾನು ವೀರೇಶ. ಆ ಕ್... ಕೆಲಸದ ವಿಚಾರ. ಮ್... ಮ್...”

ಕಕಾರಕ್ಕೆ ಅವನು ತಡೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅಷ್ಟು ಹೆದರಿದ್ದ. ಮಕಾರದಲ್ಲಿ ಪೂರ್ತಿ ನಿಂತ. ಹೆಬ್ಬೆರಳು ಮುಷ್ಟಿಯೊಳಗೆ ಬೆಳ್ಳಗಾಯಿತು.

ಆ ಕಡೆಯಿಂದ ನಗು. “ಲೇ ತಿಪ್ಪೇಶ, ಸಾಕು ನಿನ್ನ ಆಟ. ಒಂದ್ಸಲ ನಂಬಿದೆ, ಎರಡನೇ ಸಲ ನಂಬಾಕೆ ನನಗೇನು ತಲೆ ಕೆಟ್ಟೈತಾ? ಫೋನು ವೀರೇಶಂಗೆ ಕೊಡು.”

“ಸರ್, ನಾನೇ ವೀರೇಶ.”

“ಅವತ್ತೂ ಹಿಂಗೇ ಇತ್ತು. ಇಷ್ಟೇ ಚೆನ್ನಾಗಿತ್ತು.”

ಅವನದೇ ದನಿ, ಅವನದೇ ಬಾಯಿಂದ ಬಂದಾಗ, ನನ್ನದಾಗಿಬಿಟ್ಟಿತ್ತು. ನಾನು ಬಾಯಿ ತೆರೆದು ‘ಸರ್, ಇದು ನಿಜವಾಗ್ಲೂ ಅವನೇ’ ಎಂದು ಹೇಳಬಹುದಿತ್ತು. ಹೇಳಿದರೆ, ಎರಡೂ ದನಿ ಒಬ್ಬನೇ ಮಾಡುತ್ತಿದ್ದಾನೆ ಅನ್ನುತ್ತಿದ್ದರು. ನನ್ನ ಜೀವಮಾನದಲ್ಲಿ ನನ್ನ ಬಾಯಿಂದ ಯಾರಿಗೂ ಮೂರು ಕಾಸಿನ ಪ್ರಯೋಜನವಿಲ್ಲದ ಗಳಿಗೆ ಅದು. ವಿಡಿಯೊ ಗುಂಡಿಯತ್ತ ಬೆರಳು ಚಾಚಿದೆ. ವೀರೇಶ ನನ್ನ ಕೈಯನ್ನು ಸರಿಸಿದ. ಮುಖ ತೋರಿಸಿ ನಂಬಿಸುವುದು ಅವನಿಗೆ ಬೇಕಿರಲಿಲ್ಲ.

ಅವನು ಫೋನಿನತ್ತ ಬಾಗಿದ.

“ಸರ್, ಆ ಯಂತ್ರದ... ಮ್... ಮುಚ್ಚೋ ಚಕ್ರ. ಬೀಜ ಬಿದ್ದ ಮೇಲೆ ಮಣ್ಣು ಮುಚ್ಚೋದು. ಚನ್ನಗಿರಿ ಕಡೆ ಕಪ್ಪು ಮಣ್ಣು, ಮ್... ಮಳೆ ಬಿದ್ದ ಮಾರನೇ ದಿನ ಅದಕ್ಕೆ ಮೆತ್ಕೊಳ್ಳುತ್ತೆ. ಹೋದ ವರ್ಷ ನಾವು ಡ್ರೈವರ್ ತಪ್ಪು ಅಂದ್ವಿ. ಅವನ ತಪ್ಪಲ್ಲ. ಆ ಚಕ್ರನೇ ಬ್... ಬ್... ಬೇರೆ ಹಾಕಬೇಕು, ಕಡ್ಡಿ ಕಡ್ಡಿ ಇರೋದು. ಇಲ್ಲಿ ಹಂಗೇ ಮಾಡ್ತಾರೆ. ಜಗಳೂರು ಕಡೆ ಕೆಂಪು ಮಣ್ಣು, ಅಲ್ಲಿ ಹಳೇದೇ ಸಾಕು. ಆದ್ರೆ ಬ್... ಬೀಜ ಇನ್ನೊಂದು ಬೆರಳು ಆಳಕ್ಕೆ ಹೋಗಬೇಕು, ಇಲ್ಲಾಂದ್ರೆ ಮೇಲಿನ ತೇವ ಆರಿಹೋಗುತ್ತೆ. ಅದಕ್ಕೆ ಎಡಗಡೆ ಗೇರಿನ ಪಕ್ಕ ಒಂದು ಪ್... ಪಿನ್ನು ಐತೆ. ನಾವು ಅದನ್ನ ಯಾವತ್ತೂ ಮುಟ್ಟೇ ಇಲ್ಲ ಸರ್.”

ಬರೆಯುವಾಗ ಇಷ್ಟೇ. ಅವನು ಹೇಳುವಷ್ಟರಲ್ಲಿ ಅಂಗಡಿಯವನು ನಮ್ಮ ಕಾಫಿ ತಂದಿಟ್ಟ, ಮೀನಿನ ಗಾಡಿಯೊಂದು ಖಾಲಿಯಾಯಿತು, ಒಂದು ದೋಣಿ ಸಿಳ್ಳೆ ಹಾಕಿ ಹೊರಟೂ ಹೋಯಿತು. ಅವನು ನಿಂತ ಕಡೆಯಲ್ಲೆಲ್ಲ ಮುಂದಿನ ಪದ ನನಗೆ ಗೊತ್ತು ಎಂದುಕೊಳ್ಳುತ್ತಿದ್ದೆ. ಬಹಳ ಸಲ ಅವನು ಹೇಳಿದ್ದು ನಾನು ಊಹಿಸಿದ ಪದವಾಗಿರಲಿಲ್ಲ. ಇಷ್ಟು ವರ್ಷ ನಾನು ಮುಗಿಸಿಕೊಟ್ಟ ವಾಕ್ಯಗಳಲ್ಲಿ ಎಷ್ಟು ಅವನವಾಗಿದ್ದವೋ.

ಕರೆ ಕಟ್ಟಾಯಿತೇನೋ ಎಂದು ಇಬ್ಬರೂ ಫೋನಿನತ್ತ ಬಗ್ಗಿದೆವು.

“ಆ ಪಿನ್ನು ತಿಪ್ಪೇಶಂಗೆ ಗೊತ್ತಿರಾಕೆ ಸಾಧ್ಯ ಇಲ್ಲ ಬಿಡು,” ಅಂದರು ಪಾಲಾಕ್ಷಪ್ಪ, ತಮಗೆ ತಾವೇ ಹೇಳಿಕೊಂಡಂತೆ. ಆಮೇಲೆ ದನಿ ಬದಲಿಸಿ, “ವೀರೇಶ್, ತಪ್ಪು ತಿಳ್ಕೋಬೇಡ್ರಿ. ನೀವು ಹೇಳಿದ್ದು ನನಗೆ ಅರ್ಥ ಆಯ್ತು. ಆದ್ರೆ ಹೊಲದಾಗೆ ಬಿಸಿಲಿರುತ್ತೆ, ಜನಕ್ಕೆ ಕೆಲಸ ಇರುತ್ತೆ. ರೈತ್ರು ಇಷ್ಟೊತ್ತು ಕಾಯ್ತಾರೇನ್ರಿ?”

ನಾನು ವೀರೇಶನ ಮುಖ ನೋಡಿದೆ. ಅವನು ನನ್ನತ್ತ ನೋಡಲಿಲ್ಲ.

“ನೀವು ಕಾದ್ರಲ್ಲ ಸರ್.”

ಪಾಲಾಕ್ಷಪ್ಪನವರ ಆಫೀಸಿನ ಹಳೇ ಫ್ಯಾನು ತಿರುಗುವ ಸದ್ದು ಮನೌಸ್‌ನಲ್ಲಿ ಸ್ಪಷ್ಟವಾಗಿ ಕೇಳಿಸಿತು.

“ಊರಿಗೆ ಬಂದ ಸೋಮವಾರ,” ಅಂದರು. “ಬಿಳಿಚೋಡಿನಾಗೆ ಶುರು ಮಾಡಾಣ. ಬೆಳಿಗ್ಗೆ ಎಂಟಕ್ಕೆ ಜನ ಕೂಡ್ಸಿರ್ತೀನಿ. ಬರ್ತೀರಾ?”

ವೀರೇಶನ ತುಟಿಗಳು ಕೂಡಿದವು. ಚನ್ನಗಿರಿಯಲ್ಲಿ ಅವರು ಕಾದರು. ಬೆಂಚಿನ ಈ ತುದಿಯಲ್ಲಿ ನಾನು ಎರಡೂ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು, ಆರುತ್ತಿದ್ದ ಕಾಫಿಯನ್ನು ನೋಡುತ್ತಾ ಕಾದೆ.

“ಬರ್ತೀನಿ ಸರ್,” ಅಂದ.